ಜಗಲಿ ಮೇಲಿನ ಕಂಚಿನ ಬಿಲ್ಲೆ: ಮಡಿದ ಸಿಪಾಯಿಯ ಮನೆಯವರ ಪ್ರಶ್ನೆಗಳು

ಈ ಸಲದ ಅಂಕಣ ಯುದ್ಧದಲ್ಲಿ ಮಡಿದ ಸಿಪಾಯಿಗಳ ಮನೆಯವರಿಂದ ಬಂದ ಪತ್ರಗಳಿಗೆ ಮೀಸಲು. ಕೇಳಿದವರ ಹೆಸರು ಬಿಟ್ಟು ಊರ ಕಡೆಯನ್ನಷ್ಟೇ ಕೊಟ್ಟಿದ್ದೇವೆ.

ನಮ್ಮ ಮನಿ ದೇವರ ಜಗಲಿ ಮ್ಯಾಲೆ ಒಂದು ದುಂಡನ ತಾಮ್ರದ ತಟ್ಟಿ ಐತಿ. ಅದರಾಗ ಒಬ್ಬಾಕಿ ನಿಂತಾಳ, ಬಾಜೂಕ ಸಿಂಹ, ಸುತ್ತಲೂ ಇಂಗ್ಲಿಷ್ ಅಕ್ಷರ. ಮುತ್ತಜ್ಜ ಬಸರಾಕ್ಕ ಹೋದಾಂವ ತಿರುಗಿ ಬರಲಿಲ್ಲ ಅಂತ ಅಜ್ಜಿ ಹೇಳತಿದ್ದಳು. ಅಮಾಸಿಗೊಮ್ಮೆ ಹುಣಸಿಹಣ್ಣು ಹಚ್ಚಿ ತಿಕ್ಕಿ ಪೂಜಾ ಮಾಡತೀವಿ. ಈಗ ಅಕ್ಷರ ಸವಿಯಾಕತ್ತಾವು. ಇದು ಏನು? ಮುತ್ತಜ್ಜನ ಬಗ್ಗೆ ಎಲ್ಲಿ ಹುಡುಕಬೇಕು?
(ರೋಣ ತಾಲೂಕಿನಿಂದ)

ಮೊದಲು ಹುಣಸಿಹಣ್ಣು ನಿಲ್ಲಿಸಿ. ಪೀತಾಂಬರಿ ಪುಡಿ, ಬೂದಿ, ನಿಂಬೆಹುಳಿ ಇವೂ ಬೇಡ. ಅದು ತಾಮ್ರವಲ್ಲ, ಕಂಚು. ಹುಳಿ ತಾಗಿದಾಗಲೆಲ್ಲ ಮೇಲ್ಪದರ ತುಸು ತುಸು ಕರಗುತ್ತದೆ, ತಿಕ್ಕಿದಾಗ ಉಬ್ಬಕ್ಷರದ ತಲೆ ಸವೆಯುತ್ತದೆ. ಕಂದು ಬಣ್ಣ ಕೊಳೆಯಲ್ಲ, ಲೋಹದ ಕಾವಲು. ಒಣ ಮೆತ್ತನೆ ಬಟ್ಟೆಯಿಂದ ಒರೆಸಿದರೆ ಸಾಕು. ಕುಂಕುಮ ಅಂಟಿದ್ದರೆ ಒಣ ಬ್ರಷ್ಷಿನಿಂದ ಉದುರಿಸಿ. ಪೂಜೆ ಬಿಡಬೇಕಿಲ್ಲ, ಹೂ ಏರಿಸಿ.

ಮೊದಲ ಮಹಾಯುದ್ಧದಲ್ಲಿ ಸತ್ತವರ ಮನೆಗೆ ಬ್ರಿಟಿಷ್ ಸರ್ಕಾರ ಕಳಿಸಿದ ಸ್ಮರಣ ಫಲಕ ಇದು. ಅಡ್ಡಳತೆ 12 ಸೆಂ.ಮೀ. ನಿಂತವಳು ಬ್ರಿಟಾನಿಯಾ, ಅಂದರೆ ಬ್ರಿಟನ್ ದೇಶವನ್ನೇ ಹೆಣ್ಣಾಗಿ ಕಲ್ಪಿಸಿದ ರೂಪ. ಅವಳು ಚಾಚಿ ಹಿಡಿದ ಎಲೆಮಾಲೆಯ ಕೆಳಗಿನ ಚೌಕದಲ್ಲಿ ಇರುವುದೇ ಸತ್ತವನ ಹೆಸರು. ಸುತ್ತಲಿನ ಬರಹದ ಅರ್ಥ ‘ಸ್ವಾತಂತ್ರ್ಯಕ್ಕಾಗಿ, ಗೌರವಕ್ಕಾಗಿ ಮಡಿದ’ ಎಂದು. ಯಾರ ಸ್ವಾತಂತ್ರ್ಯ ಎಂದು ರೋಣದ ಹೊಲದಿಂದ ಎದ್ದು ಹೋದವನಿಗೆ ಯಾರೂ ಹೇಳಿರಲಿಕ್ಕಿಲ್ಲ. ಅದು ಬೇರೆ ಮಾತು.

ಇಲ್ಲಿ ಇಬ್ಬರಲ್ಲಿ ಒಬ್ಬರು ಎಡವುತ್ತಾರೆ. ಸಿಂಹದ ಹಿಂಗಾಲಿನ ಹತ್ತಿರ ಒಂದು ಸಣ್ಣ ಅಂಕಿ ಇರಬಹುದು. ಅದನ್ನೇ ಸಿಪಾಯಿ ನಂಬರ್ ಎಂದುಕೊಂಡು ಬರೆದುಕೊಳ್ಳುತ್ತಾರೆ. ಅದು ಕಾರ್ಖಾನೆಯ ಗುರುತು. ಮುಂಗಾಲಿನ ಬಳಿಯ ಅಕ್ಷರಗಳು ಅಚ್ಚು ಮಾಡಿದ ಶಿಲ್ಪಿ ಎಡ್ವರ್ಡ್ ಕಾರ್ಟರ್ ಪ್ರೆಸ್ಟನ್‌ರವು. ಫಲಕದಲ್ಲಿ ಹುದ್ದೆಯೂ ಇಲ್ಲ, ನಂಬರೂ ಇಲ್ಲ, ಪಲ್ಟಣದ ಹೆಸರೂ ಇಲ್ಲ. ಸುಬೇದಾರನಿಗೂ ಸಿಪಾಯಿಗೂ ಒಂದೇ ನಮೂನೆ ಇರಲಿ ಎಂದು ಬೇಕಂತಲೇ ಹಾಗೆ ಮಾಡಿದ್ದು. ಹಾಗಾಗಿ ಯಲ್ಲಪ್ಪ, ಬಸಪ್ಪ ಎನ್ನುವ ಹೆಸರೊಂದೇ ಇದ್ದರೆ ಆತ ಯಾವ ಯಲ್ಲಪ್ಪ ಎನ್ನುವುದು ಫಲಕದಿಂದ ಗೊತ್ತಾಗುವುದಿಲ್ಲ.

ಅದನ್ನು ಹೇಳುವುದು ಪದಕ. ಟ್ರಂಕು, ಕಾಳಿನ ಗಡಿಗೆ, ಅಜ್ಜಿಯ ಸೀರೆಗಂಟು ಎಲ್ಲ ನೋಡಿ. 36 ಮಿ.ಮೀ. ಅಗಲದ ಬೆಳ್ಳಿಯದು ಬ್ರಿಟಿಷ್ ವಾರ್ ಮೆಡಲ್. ಬೆಳ್ಳಿಯಾದ್ದರಿಂದಲೇ ಬಹಳಷ್ಟು ಮನೆಗಳಲ್ಲಿ ಬರಗಾಲದ ವರ್ಷ ಅದು ಅಕ್ಕಸಾಲಿಗರ ಕೈ ಸೇರಿ ಕರಗಿದೆ. ಅದರ ಜೊತೆಯ ಕಂಚಿನ ವಿಕ್ಟರಿ ಮೆಡಲ್‌ಗೆ ಬೆಲೆ ಬರುತ್ತಿರಲಿಲ್ಲ, ಅದಕ್ಕೇ ಅದು ಉಳಿದಿರುತ್ತದೆ. ಮುಖ ನೋಡಬೇಡಿ, ಅಂಚು ನೋಡಿ. ‘2143 ಸೆಪ್. ಯಲ್ಲಪಾ 110 ಮರಾಠಾ ಎಲ್.ಐ.’ ಎಂಬ ಧಾಟಿಯಲ್ಲಿ (ಇದು ಮಾದರಿಗೆ ಮಾತ್ರ) ನಂಬರ್, ಹುದ್ದೆ, ಹೆಸರು, ಪಲ್ಟಣ ಈ ಸಾಲಿನಲ್ಲಿ ಒತ್ತಿರುತ್ತಾರೆ. ಸೆಪ್ ಎಂದರೆ ಸಿಪಾಯಿ, ಎಲ್.ಐ. ಎಂದರೆ ಲೈಟ್ ಇನ್‌ಫಂಟ್ರಿ. ನಕ್ಷತ್ರದಾಕಾರದ ಪದಕವಾದರೆ ಬರಹ ಬೆನ್ನಿಗೆ ಇರುತ್ತದೆ. ಸವೆದಿದ್ದರೆ ಕತ್ತಲೆ ಕೋಣೆಯಲ್ಲಿ ಬ್ಯಾಟರಿಯನ್ನು ಪಕ್ಕದಿಂದ, ಬಲು ತಗ್ಗಿಸಿ ಹಿಡಿಯಿರಿ. ನೆರಳು ಬಿದ್ದು ಅಕ್ಷರ ಏಳುತ್ತವೆ. ಅಂಚನ್ನು ತಿರುಗಿಸುತ್ತ ನಾಲ್ಕು ಫೋಟೊ ತೆಗೆಯಿರಿ.

ಇಷ್ಟು ಕೈಗೆ ಬಂದ ಮೇಲೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ಜಾಲತಾಣಕ್ಕೆ ಹೋಗಿ. 1917ರಲ್ಲಿ ಸ್ಥಾಪನೆಯಾದ ಸಂಸ್ಥೆ, ಎರಡೂ ಮಹಾಯುದ್ಧಗಳ ಸುಮಾರು 17 ಲಕ್ಷ ಹೆಸರು ಅದರ ಪಟ್ಟಿಯಲ್ಲಿವೆ, ಹುಡುಕಲು ದುಡ್ಡಿಲ್ಲ. ಹೆಸರಿಗಿಂತ ಮೊದಲು ನಂಬರ್ ಹಾಕಿ, ಇಂಡಿಯನ್ ಆರ್ಮಿ ಎಂದು ಆರಿಸಿ. ನಂಬರ್ ಸಿಗದಿದ್ದರೆ ‘ಹೆಚ್ಚಿನ ಮಾಹಿತಿ’ ಎನ್ನುವ ಖಾನೆಯಲ್ಲಿ ಊರು, ಜಿಲ್ಲೆ ಹಾಕಿ ಹುಡುಕಿ. ಎಷ್ಟೋ ಸಿಪಾಯಿಗಳ ಮುಂದೆ ತಂದೆಯ ಹೆಸರು, ಊರು, ತಾಲೂಕು ಅಲ್ಲಿ ಇರುತ್ತವೆ.

ಊರು ಹಾಕುವಾಗ ಇಂದಿನ ನಕ್ಷೆ ಮರೆಯಿರಿ. ಗದಗ, ಹಾವೇರಿ ಜಿಲ್ಲೆಗಳು ಆದದ್ದು 1997ರಲ್ಲಿ. ಆ ಯುದ್ಧದ ಕಾಲದಲ್ಲಿ ಬಹುಪಾಲು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ, ಅದೂ ‘ಧಾರ್ವಾರ್’ ಎಂಬ ಕಾಗುಣಿತದಲ್ಲಿ, ಕೊನೆಗೆ ಡಿ ಅಲ್ಲ, ಆರ್. ತಾಲೂಕುಗಳ ಹೆಸರೂ ಬೇರೆ. ಇಂದಿನ ಹಾವೇರಿಯ ಕಡೆಯವರು ಕರಜಗಿ ತಾಲೂಕಿನಲ್ಲಿ, ಹಿರೇಕೆರೂರಿನವರು ಕೋಡ ತಾಲೂಕಿನಲ್ಲಿ, ಶಿಗ್ಗಾವಿಯವರು ಬಂಕಾಪುರ ತಾಲೂಕಿನಲ್ಲಿ ಸಿಗುತ್ತಾರೆ. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮೀರಜದ್ದು, ಕುಂದಗೋಳ ಜಮಖಂಡಿಯದ್ದು, ಸವಣೂರಿಗೆ ತನ್ನದೇ ನವಾಬ. ಅಲ್ಲಿಯವರನ್ನು ಧಾರವಾಡ ಜಿಲ್ಲೆಯಲ್ಲಿ ಹುಡುಕಿದರೆ ಸಿಗದೆ ಹೋಗಬಹುದು.

ಹೆಸರಿನದು ಇನ್ನೊಂದು ಗೋಳು. ಭರ್ತಿ ಮಾಡಿಕೊಂಡ ಕಾರಕೂನ ಮರಾಠಿ ಬಲ್ಲವನಾದರೆ ‘ಅಪ್ಪ’ದ ಒತ್ತು ಹಾರಿ ಯಲ್ಲಪಾ, ನಿಂಗಪಾ ಆಗುತ್ತದೆ. ಆದ್ದರಿಂದ ಪಿ ಅಕ್ಷರ ಒಂದು ಹಾಕಿ ನೋಡಿ, ಎರಡು ಹಾಕಿಯೂ ನೋಡಿ. ಅಡ್ಡಹೆಸರು ಹಾಕಲೇಬೇಡಿ. ಸಿಪಾಯಿಯದು ಬರೀ ಹೆಸರು, ತಂದೆಯ ಹೆಸರು ಅಷ್ಟೇ ಇರುವುದೇ ಹೆಚ್ಚು. ಪಂಜಾಬಿನ ಸುಮಾರು 3,20,000 ಸಿಪಾಯಿಗಳ ದಫ್ತರು 2021ರಲ್ಲಿ ಅಂತರ್ಜಾಲಕ್ಕೆ ಬಂದ ಸುದ್ದಿ ಓದಿ ಅಲ್ಲಿ ಹುಡುಕುವವರಿದ್ದಾರೆ. ಅದು ಪಂಜಾಬಿನದಷ್ಟೇ.

ಹೆಸರು ಸಿಕ್ಕರೆ ಸತ್ತ ತಾರೀಖು ಸಿಗುತ್ತದೆ. ತಾರೀಖೇ ಅರ್ಧ ಕಥೆ ಹೇಳುತ್ತದೆ. ಬೆಳಗಾವಿ ಸೀಮೆಯಲ್ಲಿ ಭರ್ತಿಯಾದವರು ಬಹುಮಟ್ಟಿಗೆ ಸೇರಿದ್ದು ಮರಾಠಾ ಪಲ್ಟಣಗಳನ್ನು. ಅವುಗಳಲ್ಲಿ 103, 110, 117ನೆಯವು ಇಂದಿನ ಇರಾಕಿಗೆ ಹೋದ 6ನೇ ಪುಣೆ ಡಿವಿಜನ್‌ನಲ್ಲಿದ್ದವು. 1915ರ ಏಪ್ರಿಲ್ 12ರಿಂದ 14 ಆದರೆ ಬಸರಾದ ಹತ್ತಿರದ ಶೈಬಾ ಕಾಳಗ. ನವೆಂಬರ್ 22ರಿಂದ 25 ಆದರೆ ಬಾಗ್ದಾದಿನ ಹೊರಗಿನ ಟೆಸಿಫಾನ್. ಆಮೇಲೆ ಆ ದಂಡು ಹಿಂದೆ ಸರಿದು ಕುತ್ ಎಂಬ ಊರಲ್ಲಿ ಸಿಕ್ಕಿಬಿತ್ತು. 147 ದಿನದ ಮುತ್ತಿಗೆ. ಹಿಟ್ಟು ದಿನದಿನಕ್ಕೆ ಇಳಿಯಿತು, ಕುದುರೆ ಕಡಿದು ಕೊಟ್ಟರೂ ನಮ್ಮವರಲ್ಲಿ ಬಹಳ ಮಂದಿ ಮುಟ್ಟಲಿಲ್ಲ, ಕಾಯಿಪಲ್ಲೆ ಇಲ್ಲದೆ ವಸಡು ಕೊಳೆತು ರಕ್ತ ಸುರಿಯುವ ಸ್ಕರ್ವಿ ಬಂತು. 1916ರ ಏಪ್ರಿಲ್ 29ರಂದು ಶರಣಾಗತಿ. ಮೇಲಿನ ಪಲ್ಟಣದವನ ತಾರೀಖು ಅದರ ನಂತರದ ತಿಂಗಳುಗಳದ್ದಾದರೆ ಆತ ಗುಂಡಿಗೆ ಬಿದ್ದವನಲ್ಲ, ತುರ್ಕರ ಸೆರೆಯಲ್ಲಿ ಮರುಭೂಮಿ ನಡೆಯುತ್ತ ಇಲ್ಲವೆ ರೈಲುಹಳಿ ಕೆಲಸದಲ್ಲಿ ಸತ್ತವನು ಆಗಿರುವ ಸಂಭವ ಇದೆ. 114ನೇ ಪಲ್ಟಣ, 1918ರ ಅಕ್ಟೋಬರ್ ಕೊನೆ ಎಂದಿದ್ದರೆ ಶರ್ಕತ್ ಕಾಳಗ.

ಸಮಾಧಿ ಹುಡುಕಲು ಹೋಗಬೇಡಿ. ಸಮಾಧಿ ಗೊತ್ತಿಲ್ಲದವರ ಹೆಸರು ಸೇರುವುದು ಬಸ್ರಾ ಸ್ಮಾರಕಕ್ಕೆ, ಅಲ್ಲಿ 40,000ಕ್ಕೂ ಹೆಚ್ಚು ಜನರ ಸ್ಮರಣೆ ಇದೆ. ಆದರೆ ಅದರ ಗೋಡೆಯ ಮೇಲೆ ಭಾರತೀಯ ಸಿಪಾಯಿಗಳ ಹೆಸರು ಕೆತ್ತಲಿಲ್ಲ. ಅಧಿಕಾರಿಗಳ ಹೆಸರು ಕೆತ್ತಿ, ಪಲ್ಟಣದ ಕೆಳಗೆ ‘ಇತರ ಭಾರತೀಯ ಸೈನಿಕರು ಇಷ್ಟು’ ಎಂದು ಲೆಕ್ಕ ಬರೆದರು. ನಿಮ್ಮ ಮುತ್ತಜ್ಜ ಬಹುಶಃ ಆ ಲೆಕ್ಕದಲ್ಲಿ ಒಬ್ಬ. ಹೆಸರು ಇರುವುದು ದಫ್ತರಿನಲ್ಲಿ, ಮತ್ತೆ ನಿಮ್ಮ ಜಗಲಿ ಮೇಲೆ.

ನಮ್ಮ ಅಜ್ಜನ ಅಣ್ಣ ಸಿಪಾಯಿ ಅಲ್ಲ, ಹೇಸರಗತ್ತೆ ಹೊಡೆಯುವ ಕೆಲಸಕ್ಕೆ ಪಲ್ಟಣದ ಜೊತೆ ಹೋಗಿದ್ದ ಎನ್ನುತ್ತಾರೆ. ಎಲ್ಲಿ ಹುಡುಕಿದರೂ ಹೆಸರಿಲ್ಲ. ಸೇರಿಸಲು ಬರುತ್ತದೆಯೇ?
(ಶಿಗ್ಗಾವಿ ತಾಲೂಕಿನಿಂದ)

ಬರುತ್ತದೆ, ಪುರಾವೆ ಇದ್ದರೆ. ಹೇಸರಗತ್ತೆ ಡ್ರೈವರ್, ನೀರು ಹೊರುವ ಭಿಸ್ತಿ, ಅಡುಗೆಯವ, ಡೋಲಿ ಹೊರುವವ, ಕೂಲಿ ದಳದವ ಇವರನ್ನೆಲ್ಲ ಫಾಲೋಅರ್ ಎಂದು ಬರೆಯುತ್ತಿದ್ದರು. ಇವರಲ್ಲಿ ಬಹಳ ಮಂದಿಗೆ ಕೊಟ್ಟ ವಾರ್ ಮೆಡಲ್ ಬೆಳ್ಳಿಯದಲ್ಲ, ಕಂಚಿನದು. ಹೆಸರು ಬಿಟ್ಟುಹೋದದ್ದೂ ಇವರದೇ ಹೆಚ್ಚು. ಕಮಿಷನ್ ತಾನೇ ನೇಮಿಸಿದ ಸಮಿತಿ 2021ರ ಏಪ್ರಿಲ್‌ನಲ್ಲಿ ವರದಿ ಕೊಟ್ಟಿತು. ಕಡಿಮೆಯೆಂದರೂ 1,16,000 ಮಂದಿ (ಬಹುಪಾಲು ಪೂರ್ವ ಆಫ್ರಿಕ, ಈಜಿಪ್ಟಿನವರು), ಬಹುಶಃ 3,50,000ದವರೆಗೂ, ಹೆಸರಿನಿಂದ ಸ್ಮರಿಸಲ್ಪಡದೆ ಇಲ್ಲವೆ ಪೂರ್ತಿ ಬಿಟ್ಟೇಹೋಗಿ ಉಳಿದರು ಎಂದು ಅದರಲ್ಲಿತ್ತು. ಕಮಿಷನ್ ಅದನ್ನು ಒಪ್ಪಿಕೊಂಡು ಕ್ಷಮೆ ಕೇಳಿತು.

ಕಮಿಷನ್‌ಗೆ ಹಾಕುವ ಅರ್ಜಿಗೆ ಎರಡು ಸಂಗತಿ ಸಿದ್ಧವಾಗಬೇಕು. ಒಂದು, ಆತ ಪಲ್ಟಣದ ನೌಕರಿಯಲ್ಲಿದ್ದ ಎನ್ನುವುದು. ಎರಡು, 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರೊಳಗೆ ಸತ್ತ ಎನ್ನುವುದು. (ಎರಡನೇ ಮಹಾಯುದ್ಧಕ್ಕೆ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31.) ಬೇನೆ ಹತ್ತಿ ಮನೆಗೆ ಬಂದು ಸತ್ತಿದ್ದರೂ ಆ ಬೇನೆ ನೌಕರಿಯಿಂದ ಬಂದದ್ದಾದರೆ ಲೆಕ್ಕಕ್ಕೆ ಬರುತ್ತದೆ. ಮೊದಲನೆಯದಕ್ಕೆ ಪದಕದ ಅಂಚು, ಪಿಂಚಣಿ ಪುಸ್ತಕ, ಪಲ್ಟಣದಿಂದ ಬಂದ ಕಾಗದ ಆಗುತ್ತವೆ. ಎರಡನೆಯದಕ್ಕೆ ಊರ ಹಳೆಯ ಜನನ-ಮರಣ ದಫ್ತರು, ಹೊಲದ ವಾರಸಾ ಆದ ನೋಂದು ನೋಡಿ. ತಹಶೀಲ್ದಾರ ಕಚೇರಿಯ ದಫ್ತರು ಕೋಣೆಯಲ್ಲಿ ಸಿಕ್ಕೀತು. ಹಳೆಯ ಮರಾಠಿ ಬರಹದ ಮೋಡಿ ಲಿಪಿಯಲ್ಲಿದ್ದರೆ ಓದಬಲ್ಲ ಹಿರಿಯರನ್ನು ಹಿಡಿಯಬೇಕು. ‘ಹಿರಿಯರು ಹೇಳುತ್ತಿದ್ದರು’ ಎನ್ನುವ ಅಫಿಡವಿಟ್ ಒಂದರಿಂದ ಕೆಲಸ ಆಗುವುದಿಲ್ಲ.

ಹಳೆಯ ಕಾಗದದಲ್ಲಿ ಹೆಂಡತಿಯ ಪಿಂಚಣಿ ಒಂದೆರಡು ವರ್ಷಕ್ಕೇ ನಿಂತಿದ್ದರೆ ಗಾಬರಿ ಬೇಡ. ಆಗಿನ ನಿಯಮದಲ್ಲಿ ವಿಧವೆ ಉಡಕಿ (ಮರುಮದುವೆ) ಆದರೆ ಪಿಂಚಣಿ ನಿಲ್ಲುತ್ತಿತ್ತು. ನಿಂತ ತಾರೀಖು ಉಡಕಿಯ ತಾರೀಖಿನ ಆಸುಪಾಸು ಇದ್ದರೆ ವಂಶಾವಳಿಗೆ ಅದೂ ಒಂದು ಆಧಾರ.

ಮಗ ಗಡಿಯಲ್ಲಿ ತೀರಿಕೊಂಡ. ಮದುವೆಯಾಗಿ ಏಳು ತಿಂಗಳಾಗಿತ್ತು. ಸೊಸೆ ತವರಿಗೆ ಹೋಗಿದ್ದಾಳೆ, ಪಿಂಚಣಿ ಅವಳಿಗೇ ಎನ್ನುತ್ತಾರೆ. ಕೂಲಿ ಮಾಡಿ ಅವನನ್ನು ಓದಿಸಿದವರು ನಾವು. ನಮಗೇನೂ ಇಲ್ಲವೇ? ಅವಳ ಹೆಸರು ಇನ್ನೂ ದಾಖಲೆಯಲ್ಲಿ ಏರಿಲ್ಲ ಎಂದೂ ಹೇಳುತ್ತಾರೆ.
(ಹಿರೇಕೆರೂರು ತಾಲೂಕಿನಿಂದ)

ಎರಡು ಬೇರೆ ಬೇರೆ ತೊಡಕು ಕೂಡಿಕೊಂಡಿವೆ. ಎರಡನೆಯದನ್ನು ಮೊದಲು ಬಿಡಿಸಬೇಕು, ಏಕೆಂದರೆ ಅದು ಬಿಡಿಸದೆ ಯಾರಿಗೂ ಏನೂ ಬರುವುದಿಲ್ಲ.

ರಜೆಯಲ್ಲಿ ಬಂದು ಮದುವೆಯಾದ ಸಿಪಾಯಿ ಮರಳಿ ಹೋಗಿ ಮದುವೆಯ ಕಾಗದ ಯೂನಿಟ್ಟಿಗೆ ಕೊಡಬೇಕು. ಆಗ ‘ಪಾರ್ಟ್ ಟು ಆರ್ಡರ್’ ಹೊರಡುತ್ತದೆ, ಅದು ರೆಕಾರ್ಡ್ ಆಫೀಸಿಗೆ ಹೋಗಿ ಹೆಂಡತಿಯ ಹೆಸರು ಏರುತ್ತದೆ. ಮುಂದಿನ ರಜೆಗೆ ಕೊಟ್ಟರಾಯಿತು ಎಂದು ಬಿಟ್ಟವರ ಮನೆಯಲ್ಲೇ ಈ ಗತಿ. ಈಗ ವಿವಾಹ ನೋಂದಣಿ ಪತ್ರ, ಲಗ್ನಪತ್ರಿಕೆ, ಜೋಡಿ ಫೋಟೊ, ನಾಡಕಚೇರಿಯ ವಂಶಾವಳಿ ಎಲ್ಲ ಕೂಡಿಸಿ ರೆಕಾರ್ಡ್ ಆಫೀಸಿಗೆ ಕಳಿಸಬೇಕು. ಮರಾಠಾ ಲೈಟ್ ಇನ್‌ಫಂಟ್ರಿಯದು ಬೆಳಗಾವಿ, ಮದ್ರಾಸ್ ರೆಜಿಮೆಂಟಿನದು ವೆಲ್ಲಿಂಗ್ಟನ್, ತೋಪಖಾನೆಯದು ನಾಸಿಕ್. ಮರಣ ಪ್ರಮಾಣಪತ್ರಕ್ಕೆ ನಿಮ್ಮ ಗ್ರಾಮ ಪಂಚಾಯಿತಿಗೆ ಅಲೆಯಬೇಡಿ. ಸಾವು ನಡೆದ ಜಾಗದಲ್ಲೇ ನೋಂದಣಿ, ಯೂನಿಟ್‌ನಿಂದ ತರಿಸಿ. ಸೊಸೆಯ ಆಧಾರ್‌ನಲ್ಲಿ ತವರಿನ ಅಡ್ಡಹೆಸರು, ಲಗ್ನಪತ್ರಿಕೆಯಲ್ಲಿ ಕರೆಯುವ ಹೆಸರು, ಬ್ಯಾಂಕಿನಲ್ಲಿ ಗಂಡನ ಅಡ್ಡಹೆಸರು ಇರುತ್ತದೆ. ನಮ್ಮ ಕಡೆಯ ಕಾಗದ ಮೂರು ಸಲ ತಿರುಗಿ ಬರುವುದು ಇದರಿಂದಲೇ. ಕಳಿಸುವ ಮೊದಲು ಎಲ್ಲದರಲ್ಲೂ ಒಂದೇ ಕಾಗುಣಿತ ಮಾಡಿಸಿ.

ಇನ್ನು ಹಣ. ಸಾವನ್ನು ಸೈನ್ಯ ಎ ಯಿಂದ ಇ ವರೆಗೆ ಐದು ವರ್ಗ ಮಾಡುತ್ತದೆ. ನೌಕರಿಗೆ ಸಂಬಂಧವಿಲ್ಲದ ಸಹಜ ಸಾವು ಎ, ನೌಕರಿಯಿಂದ ಬಂದ ರೋಗ ಬಿ, ಕರ್ತವ್ಯದ ಮೇಲಿನ ಅಪಘಾತ ಸಿ, ಉಗ್ರರ ಅಥವಾ ಸಮಾಜಘಾತುಕರ ಕೈಯಿಂದ ಆದದ್ದು ಡಿ, ಯುದ್ಧ ಮತ್ತು ಘೋಷಿತ ಕಾರ್ಯಾಚರಣೆ ಇ. ಎ ಆದರೆ ಸಾಮಾನ್ಯ ಕುಟುಂಬ ಪಿಂಚಣಿ, ಕೊನೆಯ ಸಂಬಳದ ಶೇ. 30 (ಮೊದಲ ಕೆಲವು ವರ್ಷ ಶೇ. 50). ಬಿ, ಸಿ ಆದರೆ ವಿಶೇಷ ಪಿಂಚಣಿ, ಶೇ. 60. ಡಿ, ಇ ಆದರೆ ಉದಾರೀಕೃತ ಪಿಂಚಣಿ, ಅಂದರೆ ಕೊನೆಯ ಸಂಬಳದಷ್ಟೇ, ಶೇ. 100. ಸಂಬಳ ಎಂದರೆ ಇಲ್ಲಿ ಮೂಲವೇತನ, ಮಿಲಿಟರಿ ಸರ್ವಿಸ್ ಪೇ ಕೂಡಿದ್ದು. ಎಲ್ಲಕ್ಕಿಂತ ಮೊದಲು ಯಾವ ವರ್ಗ ಬರೆದಿದ್ದಾರೆ ಎಂದು ನೋಡಿ. ಸಿ ಎಂದು ಬರೆದದ್ದು ಡಿ ಆಗಬೇಕಿತ್ತು ಎನ್ನಿಸಿದರೆ ಕೋರ್ಟ್ ಆಫ್ ಎನ್‌ಕ್ವಯರಿಯ (ಸೈನ್ಯದ ಒಳವಿಚಾರಣೆಯ) ಪ್ರತಿ ಕೇಳಿ, ಮೇಲ್ಮನವಿ ಹಾಕಿ.

ಮದುವೆಯಾದವನ ಪಿಂಚಣಿ ಹೆಂಡತಿಗೆ. ಮದುವೆಯಾಗದವನಾಗಿದ್ದರೆ ಉದಾರೀಕೃತ ಪಿಂಚಣಿಯ ಶೇ. 75 ತಂದೆ-ತಾಯಿ ಇಬ್ಬರಿಗೂ ಕೂಡಿ, ಒಬ್ಬರೇ ಉಳಿದರೆ ಶೇ. 60 ಬರುತ್ತಿತ್ತು. ನಿಮ್ಮದು ಹಾಗಲ್ಲ. ಆದರೂ ದಾರಿ ಇದೆ. ಮಗನ ದುಡಿಮೆಯ ಮೇಲೇ ಬದುಕುತ್ತಿದ್ದ ತಂದೆ-ತಾಯಿಗೆ ಪಿಂಚಣಿ ಪಡೆಯುವವರು ಪಾಲಿನ ಆಸರೆ ಕೊಡಲು ನಿರಾಕರಿಸಿದರೆ, ಹಂಚಿಕೆ ಮಾಡಿಕೊಡಿ ಎಂದು ಅರ್ಜಿ ಹಾಕಲು ಸೈನ್ಯದ ಪಿಂಚಣಿ ನಿಯಮದಲ್ಲೇ ಅವಕಾಶ ಇದೆ. ಆತನ ಬ್ಯಾಂಕಿನ ಉಳಿತಾಯಕ್ಕೆ ಬೇರೆ ಕಾನೂನು. ನಾಮಿನಿ ಎಂದರೆ ಹಣ ಕೈಗೆ ತೆಗೆದುಕೊಳ್ಳುವವ, ಒಡೆಯನಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ತಾಯಿ, ಹೆಂಡತಿ, ಮಕ್ಕಳು ಮೊದಲ ದರ್ಜೆ ವಾರಸುದಾರರು. ತಂದೆ ಎರಡನೇ ದರ್ಜೆ. ಆದ್ದರಿಂದ ಅರ್ಜಿಯಲ್ಲಿ ತಾಯಿಯ ಹೆಸರು ಮುಂದೆ ಇರಲಿ.

ಕೇಳದಿದ್ದರೂ ಒಂದು ಮಾತು. ಸೊಸೆ ಮತ್ತೆ ಮದುವೆಯಾದರೆ ಎಲ್ಲ ನಿಲ್ಲುತ್ತದೆ ಎಂದು ಹೆದರಿಸುವವರ ಮಾತು ನಂಬಿ ಅವಳನ್ನು ಮೈದುನನಿಗೇ ಕಟ್ಟುವ ಯೋಚನೆ ಕೆಲವು ಮನೆಗಳಲ್ಲಿ ಹುಟ್ಟುತ್ತದೆ. ಬ್ರಿಟಿಷರ ಕಾಲದ ನಿಯಮ ಈಗಿಲ್ಲ. ಮರುಮದುವೆಯಾದ ಮಾತ್ರಕ್ಕೆ ಪಿಂಚಣಿ ಪೂರ್ತಿ ಹೋಗುವುದಿಲ್ಲ.

ಶತ್ರುವಿನ ಗುಂಡು ತಾಗದೆ ಹಿಮದಲ್ಲಿ ಸತ್ತವರಿಗೆ ಯುದ್ಧದಲ್ಲಿ ಮಡಿದವರ ಸವಲತ್ತು ಇಲ್ಲವಂತೆ, ನಿಜವೇ?
(ಹುಬ್ಬಳ್ಳಿಯಿಂದ)

ನಿಜವಲ್ಲ. ಕುಂದಗೋಳ ತಾಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮದಡಿ ಸಿಲುಕಿ, ಆರು ದಿನದ ಮೇಲೆ ಜೀವಂತ ಸಿಕ್ಕು, 11ರಂದು ದಿಲ್ಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡದ್ದು ಎಲ್ಲರಿಗೂ ನೆನಪಿದೆ. ಗೊತ್ತುಮಾಡಿದ ಎತ್ತರದ ಗಡಿ ಠಾಣೆಗಳಲ್ಲಿ ಪ್ರಕೃತಿ ವಿಕೋಪದಿಂದ ಸತ್ತರೂ ಕೇಂದ್ರದ ಒಂದೇ ಗಂಟಿನ ಪರಿಹಾರ, 2016ರ ಜನವರಿ 1ರಿಂದ ಜಾರಿಯಾದ ದರದಂತೆ, 35 ಲಕ್ಷ ರೂಪಾಯಿ. ಉಗ್ರರ ಎದುರಿನ ಕಾರ್ಯಾಚರಣೆಗೂ ಅಷ್ಟೇ. ಯುದ್ಧದಲ್ಲಿ ಶತ್ರುವಿನಿಂದ ಆದರೆ 45 ಲಕ್ಷ, ಕರ್ತವ್ಯದ ಮೇಲಿನ ಅಪಘಾತಕ್ಕೆ 25 ಲಕ್ಷ. ಸೇನೆಯ ಗುಂಪು ವಿಮೆ, ಗ್ರಾಚ್ಯುಟಿ, ರಾಜ್ಯ ಸರ್ಕಾರದ್ದು ಬೇರೆ.

ನಮ್ಮ ಅವ್ವನಿಗೆ 1971ರ ಯುದ್ಧದ ಪಿಂಚಣಿ. ಈಗ ಎರಡು ತಿಂಗಳಿಂದ ಬಂದಿಲ್ಲ. ಬ್ಯಾಂಕಿನವರು ‘ನಮ್ಮ ಕೈಯಲ್ಲಿಲ್ಲ’ ಎನ್ನುತ್ತಾರೆ.
(ಬ್ಯಾಡಗಿಯಿಂದ)

ಅವರು ಹೇಳುವುದು ಸರಿ ಇರಬಹುದು. ರಕ್ಷಣಾ ಪಿಂಚಣಿ ಈಗ ಸ್ಪರ್ಶ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಪ್ರಯಾಗರಾಜದಿಂದ ನೇರ ಖಾತೆಗೆ ಬೀಳುತ್ತದೆ. ಹೀಗೆ ತಟ್ಟನೆ ನಿಂತರೆ ಮೊದಲು ಅನುಮಾನಿಸಬೇಕಾದ್ದು ಜೀವಿತ ಪ್ರಮಾಣಪತ್ರವನ್ನೇ. ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರ್‌ನಲ್ಲಿ ಕೊಡಬೇಕು. 80 ದಾಟಿದವರು ಅಕ್ಟೋಬರ್‌ನಲ್ಲೇ ಕೊಡಬಹುದು. ಕೊಟ್ಟಿದ್ದೇವೆ ಎಂದು ನೀವು ಅಂದುಕೊಂಡಿದ್ದರೂ ಹೆಬ್ಬೆಟ್ಟು ಹೊಂದದೆ ತಿರಸ್ಕಾರ ಆಗಿರಬಹುದು. ವರ್ಷಾನುಗಟ್ಟಲೆ ಮೆಣಸಿನಕಾಯಿ ತೊಟ್ಟು ಬಿಡಿಸಿದ ಬೆರಳಿನಲ್ಲಿ ರೇಖೆ ಉಳಿದಿರುವುದಿಲ್ಲ, ಯಂತ್ರದ ತಪ್ಪಲ್ಲ. ಮುಖ ಗುರುತಿಸುವ ಆ್ಯಪ್‌ನಲ್ಲಿ ಮಾಡಿಸಿ. ಬೆಳಕು ಮುಖದ ಮೇಲೆ ಬೀಳಲಿ, ಚಸ್ಮಾ ತೆಗೆಸಿ, ಸೆರಗು ಹಣೆ ಮುಚ್ಚದಿರಲಿ, ಒಮ್ಮೆ ಕಣ್ಣು ಮಿಟುಕಿಸಲು ಹೇಳಿ. ನಡೆಯಲಾಗದಿದ್ದರೆ ಅಂಚೆಯವರು 70 ರೂಪಾಯಿ ತೆಗೆದುಕೊಂಡು ಮನೆಗೇ ಬಂದು ಮಾಡಿಕೊಡುತ್ತಾರೆ. ಮುಗಿದ ಮೇಲೆ ಬರುವ ಪ್ರಮಾಣ ಸಂಖ್ಯೆ ಬರೆದಿಟ್ಟುಕೊಳ್ಳಿ. ನಿಂತ ತಿಂಗಳ ಹಣ ಹೋಗುವುದಿಲ್ಲ, ಬಾಕಿ ಸಮೇತ ಬರುತ್ತದೆ.

ಊರ ಬಾಗಿಲಲ್ಲಿ ನಮ್ಮೂರಿನ ಸೈನಿಕನ ಹೆಸರಿನ ಕಲ್ಲು ನಿಲ್ಲಿಸುತ್ತಿದ್ದೇವೆ. ಏನು ಬರೆಯಬೇಕು?
(ಹಾನಗಲ್ ತಾಲೂಕಿನಿಂದ)

ತುರುಗೋಳಿನಲ್ಲಿ ದನ ಬಿಡಿಸಲು ಹೋಗಿ ಸತ್ತವನಿಗೂ ವೀರಗಲ್ಲು ನಿಲ್ಲಿಸಿದ ಸೀಮೆ ನಿಮ್ಮದು. ನಿಮಗೆ ಹೇಳಿಕೊಡುವುದು ಹೆಚ್ಚಿಲ್ಲ. ನಂಬರ್, ಹುದ್ದೆ, ಹೆಸರು, ತಂದೆ-ತಾಯಿಯ ಹೆಸರು, ಪಲ್ಟಣ, ಸತ್ತ ಸ್ಥಳ, ತಾರೀಖು ಇಷ್ಟು ಸಾಕು. ಕಲ್ಲಿನ ಅರ್ಧವನ್ನು ಉದ್ಘಾಟಕರ ಹೆಸರಿಗೆ ಬಿಡಬೇಡಿ. ‘ಹುತಾತ್ಮ’ ಎಂದು ಕಲ್ಲಿನ ಮೇಲೆ ಬರೆಯುವುದು ನಿಮ್ಮಿಷ್ಟ. ಅರ್ಜಿಗಳಲ್ಲಿ ಮಾತ್ರ ಬೇಡ, ಸೈನ್ಯದ ಕಾಗದದಲ್ಲಿ ಆ ಪದವಿಲ್ಲ, ‘ಬ್ಯಾಟಲ್ ಕ್ಯಾಷುಯಲ್ಟಿ’ ಎಂದೇ ಇರುತ್ತದೆ.

ಕರಿಕಲ್ಲು ಒಳ್ಳೆಯದು. ಅಕ್ಷರ ತೀರ ಸಣ್ಣದಾದರೆ ಒತ್ತಕ್ಷರದ ಕೊನೆ ಸಿಡಿದುಹೋಗುತ್ತದೆ, ಎರಡೂವರೆ ಸೆಂ.ಮೀ.ಗಿಂತ ಕಡಿಮೆ ಇಡಬೇಡಿ. ಬಣ್ಣ ತುಂಬುವುದಾದರೆ ಕೆತ್ತನೆ ಆಳ ಇರಲಿ, ಬಣ್ಣ ಹೋದರೂ ಓದಲು ಬರಬೇಕು. 1947ರ ನಂತರ ಮಡಿದವರಾದರೆ ದಿಲ್ಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದ (2019ರ ಫೆಬ್ರುವರಿ 25ರಂದು ತೆರೆದದ್ದು) ತ್ಯಾಗ ಚಕ್ರದಲ್ಲಿ ಹೆಸರಿರುತ್ತದೆ, ಅದರ ಜಾಲತಾಣದಲ್ಲಿ ನಂಬರ್, ತಾರೀಖು ತಾಳೆ ನೋಡಿ. ಹೆಸರಿನ ಕಾಗುಣಿತವನ್ನು ಮಾತ್ರ ಅಲ್ಲಿಂದ ತರಬೇಡಿ. ಇಂಗ್ಲಿಷಿನಿಂದ ಮರಳಿ ಕನ್ನಡಕ್ಕೆ ಬರುವಷ್ಟರಲ್ಲಿ ಒತ್ತು, ದೀರ್ಘ ಎಲ್ಲ ಹಾರಿರುತ್ತವೆ. ಸುಣ್ಣದಲ್ಲಿ ಕಲ್ಲಿನ ಮೇಲೆ ಬರೆದು, ಉಳಿ ಇಡುವ ಮೊದಲು ಆತನ ತಾಯಿಯನ್ನೋ ಅಕ್ಕನನ್ನೋ ಕರೆದು ಒಮ್ಮೆ ಓದಿ ಕೇಳಿಸಿ.